ಇಂಪ್ಯಾಕ್ಟ್ ಎಂಬುದಕ್ಕೆ ಕನ್ನಡದಲ್ಲಿ ಏನನ್ನಬೇಕು?

ಕಳೆದ ವರ್ಷ ಮಳೆಗಾಲದಲ್ಲಿ ಒಂದು ಅನುವಾದದ ಕೆಲಸ ಬಂತು. ಕಲ್ಯಾಣ ಕರ್ನಾಟಕದ ಒಂದು ಕಾಲೇಜಿನವರು ತಮ್ಮ ಹಳೆಯ ವಿದ್ಯಾರ್ಥಿಯೊಬ್ಬರಿಗೆ ಸನ್ಮಾನ ಇಟ್ಟುಕೊಂಡಿದ್ದರು. ಆ ವಿದ್ಯಾರ್ಥಿ ಈಗ ಹೈದರಾಬಾದಿನಲ್ಲಿ ರಸಾಯನಶಾಸ್ತ್ರದ ಸಂಶೋಧಕರು. ಅವರ ಬಗ್ಗೆ ಇಂಗ್ಲಿಷಿನಲ್ಲಿದ್ದ ನಾಲ್ಕು ಪುಟದ ಪರಿಚಯವನ್ನು ಸನ್ಮಾನದ ಪುಸ್ತಿಕೆಗಾಗಿ ಕನ್ನಡಕ್ಕೆ ತಂದುಕೊಡಬೇಕಿತ್ತು. ನಾನೂ ಹೈದರಾಬಾದಿನಲ್ಲಿರುವ ಕನ್ನಡದವಳು ಎಂಬ ಕಾರಣಕ್ಕೆ ಯಾರೋ ನನ್ನ ನಂಬರ್ ಕೊಟ್ಟಿದ್ದರು. ಪದಕ್ಕಿಷ್ಟು ಎಂದು ದರ, ಮೂರು ದಿನದ ಗಡುವು. ಸಲೀಸು ಅಂದುಕೊಂಡೆ.

ಮೊದಲ ಸಾಲಿನಲ್ಲೇ ಸಿಕ್ಕಿಬಿದ್ದೆ. ಅವರ ಕ್ಷೇತ್ರ ಆರ್ಗ್ಯಾನಿಕ್ ಫೋಟೊಕ್ಯಾಟಲಿಸಿಸ್. ಪಠ್ಯಪುಸ್ತಕದ ಕನ್ನಡದಲ್ಲಿ ಕ್ಯಾಟಲಿಸ್ಟ್‌ಗೆ ಕ್ರಿಯಾವರ್ಧಕ ಅಥವಾ ವೇಗವರ್ಧಕ ಅನ್ನುತ್ತಾರೆ. ಫೋಟೊಗೆ ದ್ಯುತಿ, ದ್ಯುತಿಸಂಶ್ಲೇಷಣೆಯನ್ನು ಶಾಲೆಯಲ್ಲಿ ಬಾಯಿಪಾಠ ಮಾಡಿದ್ದು ನಿಮಗೂ ನೆನಪಿರಬಹುದು. ಆರ್ಗ್ಯಾನಿಕ್‌ಗೆ ಸಾವಯವ. ಮೂರನ್ನೂ ಜೋಡಿಸಿ 'ಸಾವಯವ ದ್ಯುತಿ ವೇಗವರ್ಧನೆ' ಎಂದು ಬರೆದು ಅಮ್ಮನಿಗೆ ಓದಿ ಹೇಳಿದೆ. 'ಸಾವಯವ ಅಂದ್ರೆ ಕೆಮಿಕಲ್ ಹಾಕದೆ ಬೆಳೆದದ್ದಲ್ವೇನೇ?' ಎಂದರು. ತರಕಾರಿ ಅಂಗಡಿಯವರು ಈ ಪದವನ್ನು ರಸಾಯನಶಾಸ್ತ್ರಜ್ಞರ ಕೈಯಿಂದ ಕಿತ್ತುಕೊಂಡು ಸುಮಾರು ವರ್ಷಗಳೇ ಆದವು. ಕೆಮಿಕಲ್ ಇಲ್ಲದ್ದೇ ಸಾವಯವ ಎಂದಾದ ಮೇಲೆ 'ಸಾವಯವ ರಸಾಯನಶಾಸ್ತ್ರ' ಎಂಬ ಮಾತು ಸಕ್ಕರೆ ಹಾಕದ ಮೈಸೂರು ಪಾಕಿನ ಹಾಗೆ ಕೇಳಿಸುತ್ತದೆ. ಕೊನೆಗೆ 'ಬೆಳಕಿನ ಬಲದಿಂದ ಇಂಗಾಲದ ಅಣುಗಳನ್ನು ಬೆಸೆಯುವ ವಿದ್ಯೆ' ಎಂದು ಬಿಡಿಸಿ ಬರೆದೆ. ಪೂರ್ತಿ ಸರಿಯಲ್ಲ, ಆದರೆ ಅಮ್ಮ ತಲೆ ಆಡಿಸಿದರು.

ನಿಜವಾದ ತೊಡಕು ಅದಲ್ಲ. ಆ ನಾಲ್ಕು ಪುಟದಲ್ಲಿ 'ಇಂಪ್ಯಾಕ್ಟ್' ಎಂಬ ಪದ ಹನ್ನೊಂದು ಸಲ ಬಂದಿತ್ತು. ಇಷ್ಟು ಸಾವಿರ ಉಲ್ಲೇಖ, ಎಚ್-ಇಂಡೆಕ್ಸ್ ಇಷ್ಟು, ಇಂತಿಷ್ಟು ಇಂಪ್ಯಾಕ್ಟ್ ಫ್ಯಾಕ್ಟರ್ ಇರುವ ಪತ್ರಿಕೆಗಳಲ್ಲಿ ಪ್ರಕಟಣೆ, ವಿಶ್ವದ ಅಗ್ರ ಶೇ. 2 ವಿಜ್ಞಾನಿಗಳಲ್ಲಿ ಒಬ್ಬರು. ಅವರು ಮಾಡಿದ್ದೇನು, ಅದರಿಂದ ಬದಲಾಗಿದ್ದೇನು ಎಂಬುದಕ್ಕೆ ಒಂದು ವಾಕ್ಯವೂ ಇರಲಿಲ್ಲ. ಬರೆದವರನ್ನು ದೂರಿ ಪ್ರಯೋಜನವಿಲ್ಲ. ಈಗ ಎಲ್ಲ ಸಂಶೋಧಕರ ಪರಿಚಯವೂ ಇದೇ ಅಚ್ಚಿನಲ್ಲಿ ಬರುತ್ತದೆ.

ಇಂಪ್ಯಾಕ್ಟ್‌ಗೆ ಕನ್ನಡದಲ್ಲಿ ಎರಡು ಪದಗಳು ಕೈಗೆಟುಕುವಂತಿವೆ: ಪ್ರಭಾವ, ಪರಿಣಾಮ. ವಿಷಯ ಬೆಳಕಿನದ್ದು, ಹಾಗಾಗಿ ಪ್ರಭಾವದೊಳಗೆ ಪ್ರಭೆ ಇದೆ, ಚೆಂದ ಹೊಂದುತ್ತದೆ ಎಂದು ಒಂದು ಕ್ಷಣ ಅನ್ನಿಸಿತು. ಭಾಷಾಶಾಸ್ತ್ರ ಓದಿದ ತಪ್ಪಿಗೆ ಮರುಕ್ಷಣವೇ ಅದು ಕೈಬಿಟ್ಟುಹೋಯಿತು. ಪ್ರಭೆ ಬಂದದ್ದು 'ಭಾ' ಧಾತುವಿನಿಂದ, ಹೊಳೆಯುವುದು ಎಂಬ ಅರ್ಥದಲ್ಲಿ. ಪ್ರಭಾವ ಬಂದದ್ದು 'ಭೂ' ಧಾತುವಿನಿಂದ, ಆಗುವುದು ಎಂಬ ಅರ್ಥದಲ್ಲಿ. ಎರಡಕ್ಕೂ ನಂಟಿಲ್ಲ. ಅದಕ್ಕಿಂತ ಮುಖ್ಯವಾಗಿ, ಇವತ್ತಿನ ಕನ್ನಡದಲ್ಲಿ 'ಪ್ರಭಾವಿ ವ್ಯಕ್ತಿ' ಎಂದರೆ ಯಾರು ನೆನಪಾಗುತ್ತಾರೆ ಹೇಳಿ? ಒಂದು ಫೋನಿನಲ್ಲಿ ವರ್ಗಾವಣೆ ಮಾಡಿಸುವವರು. ಅವರು ಯಾರ ಮೇಲೆ, ಯಾವ ವಿಷಯದಲ್ಲಿ ಪ್ರಭಾವ ಬೀರುತ್ತಾರೆ ಎಂದು ಹೇಳಬೇಕಿಲ್ಲ. ಪ್ರಭಾವ ಅವರ ಆಸ್ತಿ, ಅವರ ಹತ್ತಿರ ಇರುವಂಥದ್ದು.

ಪರಿಣಾಮ ಹಾಗಲ್ಲ. ಸಾಂಖ್ಯರ ಹಳೆಯ ಉದಾಹರಣೆ ಇದೆಯಲ್ಲ, ಹಾಲು ಮೊಸರಾಗುವುದು. ಒಂದು ಪದಾರ್ಥ ಇನ್ನೊಂದಾಗಿ ಮಾರ್ಪಡುವುದೇ ಪರಿಣಾಮ. 'ಪರಿಣಾಮಕಾರಿ ಔಷಧ' ಎಂದರೆ ಕೇಳಿದವರು ತಕ್ಷಣ 'ಯಾವ ಕಾಯಿಲೆಗೆ?' ಎನ್ನುತ್ತಾರೆ. ಈ ಪದ ಬಳಸಿದರೆ ಹಾಲು ಯಾವುದು, ಮೊಸರು ಯಾವುದು ಎಂದು ಹೇಳಲೇಬೇಕಾಗುತ್ತದೆ. ಹನ್ನೊಂದು ಕಡೆಯೂ ಪರಿಣಾಮ ಎಂದು ಹಾಕಿ ನೋಡಿದೆ. ಹನ್ನೊಂದು ವಾಕ್ಯಗಳೂ ಅರ್ಧಕ್ಕೆ ನಿಂತವು.

ಒಬ್ಬ ಸಂಶೋಧಕರು ಏನು ಬದಲಿಸಿದರು ಎಂದು ಹೇಳಲಾಗದಿದ್ದಾಗ ನಾವು ಎಷ್ಟು ಜನ ಅವರ ಹೆಸರು ಬರೆದರು ಎಂದು ಎಣಿಸುತ್ತಿದ್ದೇವೆ, ಮತ್ತು ಎರಡೂ ಒಂದೇ ಎಂದು ನಂಬಿಕೊಂಡಿದ್ದೇವೆ. ಈ ಪತ್ರ ಬರೆಯಲು ಕೂತಿರುವುದು ಅದಕ್ಕೇ. ಬೆಳಕಿನ ರಸಾಯನಶಾಸ್ತ್ರದಲ್ಲಿ ಈ ತಪ್ಪು ಎಷ್ಟು ದೂರ ಹೋಗುತ್ತದೆ ಎಂಬುದು ನನ್ನ ಮನೆಯ ಹತ್ತಿರದ ಉದಾಹರಣೆಯಿಂದಲೇ ಕಾಣುತ್ತದೆ.

ಮೊದಲು ಎಣಿಕೆಯ ಕತೆ. ಉಲ್ಲೇಖಗಳನ್ನು ಪಟ್ಟಿ ಮಾಡುವ ಸೂಚಿಯನ್ನು 1955ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರಸ್ತಾಪಿಸಿದವರು ಯೂಜೀನ್ ಗಾರ್ಫೀಲ್ಡ್. ವಕೀಲರು ಹಳೆಯ ತೀರ್ಪುಗಳನ್ನು ಯಾವ ಹೊಸ ತೀರ್ಪು ಎತ್ತಿಹಿಡಿದಿದೆ, ಯಾವುದು ತಳ್ಳಿಹಾಕಿದೆ ಎಂದು ಹುಡುಕಲು ಬಳಸುತ್ತಿದ್ದ ಶೆಪರ್ಡ್ ಸೂಚಿಯೇ ಅವರಿಗೆ ಮಾದರಿ. ಉದ್ದೇಶ ಹುಡುಕಾಟ, ತೂಕ ಹಾಕುವುದಲ್ಲ. ಇಂಪ್ಯಾಕ್ಟ್ ಫ್ಯಾಕ್ಟರ್ ಹುಟ್ಟಿದ್ದೂ ಆ ಸೂಚಿಗೆ ಯಾವ ಪತ್ರಿಕೆಗಳನ್ನು ಸೇರಿಸಿಕೊಳ್ಳಬೇಕು ಎಂದು ಆರಿಸುವುದಕ್ಕೆ. ಅದನ್ನು ವ್ಯಕ್ತಿಗಳನ್ನು ಅಳೆಯಲು ಬಳಸುವುದನ್ನು ಗಾರ್ಫೀಲ್ಡ್ ಒಪ್ಪುತ್ತಿರಲಿಲ್ಲ. ಅಣುಶಕ್ತಿಯ ಹಾಗೆ ಇದರಿಂದಲೂ ಒಳಿತು ಕೆಡುಕು ಎರಡೂ ಇದೆ ಎಂಬ ಧಾಟಿಯಲ್ಲಿ ಮುಂದೆ ಅವರೇ ಬರೆದರು. ನನಗೆ ಇಷ್ಟವಾದ ವಿವರ ಬೇರೆಯದು. ಕೊಲಂಬಿಯಾದಲ್ಲಿ ರಸಾಯನಶಾಸ್ತ್ರ ಓದಿದ್ದ ಈ ಮನುಷ್ಯ ಪಿಎಚ್‌ಡಿ ಮಾಡಿದ್ದು ಭಾಷಾಶಾಸ್ತ್ರದಲ್ಲಿ, ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ, ಝೆಲಿಗ್ ಹ್ಯಾರಿಸ್ ಕಟ್ಟಿದ ವಿಭಾಗದಲ್ಲಿ. 1961ರ ಆ ಪ್ರಬಂಧದ ವಿಷಯ, ರಾಸಾಯನಿಕ ಹೆಸರುಗಳನ್ನು ಅಣುಸೂತ್ರಗಳಿಗೆ ಅನುವಾದಿಸುವ ವಿಧಾನ! ಅಂದರೆ ನಾನು ಕೂತು ತಲೆ ಚಚ್ಚಿಕೊಳ್ಳುತ್ತಿದ್ದ ಕೆಲಸದ ದೂರದ ಸೋದರಮಾವ.

ಎಚ್-ಇಂಡೆಕ್ಸ್ 2005ರದ್ದು, ಹೋರ್ಗೆ ಹಿರ್ಷ್ ಎಂಬ ಭೌತವಿಜ್ಞಾನಿಯದು. ಎಚ್ 30 ಎಂದರೆ ಕನಿಷ್ಠ 30 ಲೇಖನಗಳಿಗೆ ತಲಾ ಕನಿಷ್ಠ 30 ಉಲ್ಲೇಖ ಸಿಕ್ಕಿದೆ ಎಂದರ್ಥ. ಹದಿನೈದು ವರ್ಷದ ನಂತರ ಹಿರ್ಷ್ ಕೂಡ ಅದರ ಕೆಟ್ಟ ಪರಿಣಾಮಗಳ ಬಗ್ಗೆ ಬರೆದರು. (ನೋಡಿ, ಅಲ್ಲಿ ಪರಿಣಾಮ ಎಂದೇ ಬಂತು.) ಶೇ. 2ರ ಪಟ್ಟಿ ಸ್ಟ್ಯಾನ್‌ಫರ್ಡಿನ ಜಾನ್ ಅಯೊನಿಡಿಸ್ ಮತ್ತು ಸಂಗಡಿಗರದ್ದು. ಅದರ ಬುನಾದಿಯೂ ಉಲ್ಲೇಖದ ಎಣಿಕೆಯೇ. ಪಟ್ಟಿ ಬಿಡುಗಡೆಯಾದ ವಾರ ನಮ್ಮ ವಿಶ್ವವಿದ್ಯಾಲಯಗಳ ಗೇಟುಗಳ ಮೇಲೆ ಏಳುವ ಫ್ಲೆಕ್ಸ್‌ಗಳನ್ನು ನೀವೂ ನೋಡಿರುತ್ತೀರಿ.

ಈಗ ರಸಾಯನಶಾಸ್ತ್ರ. ಕಾಗದ ಪೆನ್ನು ಬೇಡ, ಒಂದೇ ವಿಷಯ ತಲೆಯಲ್ಲಿಟ್ಟುಕೊಂಡರೆ ಸಾಕು. ಹೆಚ್ಚಿನ ಇಂಗಾಲದ ಸಂಯುಕ್ತಗಳಿಗೆ ಬಣ್ಣವಿಲ್ಲ. ಬಣ್ಣವಿಲ್ಲ ಎಂದರೆ ಅವು ಕಣ್ಣಿಗೆ ಕಾಣುವ ಬೆಳಕನ್ನು ಹೀರುವುದಿಲ್ಲ, ಬಿಸಿಲಿಗಿಟ್ಟರೂ ಸುಮ್ಮನಿರುತ್ತವೆ. ಹಾಗಾಗಿ ಬಹುಕಾಲ ಬೆಳಕಿನಿಂದ ಕ್ರಿಯೆ ನಡೆಸಲು ಅತಿನೇರಳೆ ದೀಪ ಬೇಕಿತ್ತು: ಪಾದರಸದ ದೀಪ, ಅದನ್ನು ತಣ್ಣಗಿಡಲು ಹರಿಯುವ ನೀರು, ದುಬಾರಿ ಕ್ವಾರ್ಟ್ಜ್ ಪಾತ್ರೆ. ಅಷ್ಟು ಮಾಡಿದರೂ ಆ ಬಲವಾದ ಬೆಳಕು ಬೇಕಾದ ಬಂಧದ ಜೊತೆ ಬೇಡದ ಬಂಧವನ್ನೂ ಮುರಿಯುತ್ತಿತ್ತು. ಇಟಲಿಯ ಬೊಲೊನ್ಯದಲ್ಲಿ ಜಿಯಾಕೊಮೊ ಚಮಿಚಿಯನ್ ಎಂಬ ವಿಜ್ಞಾನಿ ತಮ್ಮ ಪ್ರಯೋಗಾಲಯದ ಮಾಳಿಗೆಯ ಮೇಲೆ ಬಿಸಿಲಿಗೆ ಸಾಲಾಗಿ ಗಾಜಿನ ಬುರುಡೆಗಳನ್ನಿಟ್ಟು ನೋಡುತ್ತಿದ್ದರು. ಕಲ್ಲಿದ್ದಲಿನ ಹೊಗೆಯ ಬದಲು ಬಿಸಿಲಿನಿಂದ ನಡೆಯುವ ಕಾರ್ಖಾನೆಗಳ ಕನಸನ್ನು ಅವರು 1912ರಲ್ಲೇ ಬರೆದಿಟ್ಟಿದ್ದಾರೆ.

ಕಾಣುವ ಬೆಳಕನ್ನೇ ಬಳಸಬೇಕಾದರೆ ಮಧ್ಯೆ ಒಬ್ಬ ದಲ್ಲಾಳಿ ಬೇಕು, ಬಣ್ಣವಿರುವ ಒಂದು ಅಣು. ಅದು ಬೆಳಕು ಹೀರಿದಾಗ ಅದರ ಒಂದು ಎಲೆಕ್ಟ್ರಾನ್ ಮೇಲಿನ ಮಹಡಿಗೆ ಜಿಗಿಯುತ್ತದೆ. ಮೇಲೆ ಹೋದ ಎಲೆಕ್ಟ್ರಾನನ್ನು ಬೇರೆಯವರಿಗೆ ಕೊಡುವುದು ಸುಲಭ, ಕೆಳಗೆ ಖಾಲಿಯಾದ ಜಾಗಕ್ಕೆ ಬೇರೆಯವರದ್ದನ್ನು ತೆಗೆದುಕೊಳ್ಳುವುದೂ ಸುಲಭ. ಹಾಗಾಗಿ ಅದು ಒಬ್ಬರಿಂದ ಎಲೆಕ್ಟ್ರಾನ್ ಕೈಗಡ ತಂದು ಇನ್ನೊಬ್ಬರಿಗೆ ಕೊಟ್ಟು, ತನ್ನ ಲೆಕ್ಕ ಚುಕ್ತಾ ಮಾಡಿಕೊಂಡು, ಮತ್ತೆ ಬೆಳಕಿಗೆ ಕಾಯುತ್ತ ಕೂರುತ್ತದೆ. ಎಲೆಕ್ಟ್ರಾನ್ ಕಳೆದುಕೊಂಡ ಅಥವಾ ಪಡೆದ ಅಣುಗಳು ಚಡಪಡಿಸುತ್ತವೆ, ಹೊಸ ಬಂಧ ಕಟ್ಟಿಕೊಳ್ಳುತ್ತವೆ. ಇದನ್ನು ಹೆಪ್ಪಿಗೆ ಹೋಲಿಸಲು ಮನಸ್ಸಾಗುತ್ತದೆ, ಆದರೆ ಹೆಪ್ಪು ಜೀವಂತ, ಅದು ಬೆಳೆಯುತ್ತದೆ. ಇದು ಬರೀ ಲೇವಾದೇವಿ.

ಈ ದಲ್ಲಾಳಿ ಯಾರು ಎಂಬಲ್ಲಿ ದುಡ್ಡಿನ ಪ್ರಶ್ನೆ ಬರುತ್ತದೆ. ಈ ಕ್ಷೇತ್ರದ ಜನಪ್ರಿಯ ಇತಿಹಾಸ ಸಾಮಾನ್ಯವಾಗಿ 2008ರಿಂದ ಶುರುವಾಗುತ್ತದೆ. ಆ ವರ್ಷ ಅಮೆರಿಕದಲ್ಲಿ ಡೇವಿಡ್ ಮ್ಯಾಕ್‌ಮಿಲನ್ ಗುಂಪು ಮತ್ತು ಟೆಶಿಕ್ ಯೂನ್ ಗುಂಪು, ಮರುವರ್ಷ ಕೋರಿ ಸ್ಟೀಫನ್ಸನ್ ಗುಂಪು ರುಥೇನಿಯಂ ಲೋಹದ ಕಿತ್ತಳೆ ಸಂಯುಕ್ತವನ್ನು ಬಳಸಿ ಲೇಖನಗಳನ್ನು ಪ್ರಕಟಿಸಿದವು. ಮುಂದೆ ಇರಿಡಿಯಂ ಬಂತು. ಎರಡೂ ಪ್ಲಾಟಿನಂ ಜಾತಿಯ ಅಪರೂಪದ ಲೋಹಗಳು.

ಹೈದರಾಬಾದಿನವರಿಗೆ ಲೋಹ ಇನ್ನೊಂದು ಕಾರಣಕ್ಕೂ ತಲೆನೋವು. ಇಲ್ಲಿ ತಯಾರಾಗುವುದು ಔಷಧ, ಮತ್ತು ಔಷಧದಲ್ಲಿ ಉಳಿಯಬಹುದಾದ ಲೋಹದ ಅಂಶಕ್ಕೆ ಅಂತರರಾಷ್ಟ್ರೀಯ ಮಿತಿಗಳಿವೆ. ರುಥೇನಿಯಂ, ಇರಿಡಿಯಂ ಎರಡೂ ಆ ಪಟ್ಟಿಯಲ್ಲಿವೆ.

ಲೋಹವಿಲ್ಲದ ದಲ್ಲಾಳಿಗಳಲ್ಲಿ ಪ್ರಸಿದ್ಧವಾದದ್ದು ಇಯೋಸಿನ್. ನಿಮಗೆ ಅದು ಗೊತ್ತು, ಹೆಸರು ಗೊತ್ತಿರಲಿಕ್ಕಿಲ್ಲ. ಬಯಾಪ್ಸಿಯ ಸ್ಲೈಡಿನಲ್ಲಿ ಕಾಣುವ ಗುಲಾಬಿ ಬಣ್ಣ ಅದೇ. 1870ರ ದಶಕದಲ್ಲಿ ಇದನ್ನು ತಯಾರಿಸಿದ ಹೈನ್ರಿಕ್ ಕಾರೊ ತನ್ನ ಬಾಲ್ಯದ ಗೆಳತಿಯ ಅಡ್ಡಹೆಸರನ್ನು ಇದಕ್ಕಿಟ್ಟ ಎಂದು ಕತೆ. ಆ ಅಡ್ಡಹೆಸರು ಇಯೊಸ್, ಗ್ರೀಕರ ಮುಂಜಾವಿನ ದೇವತೆ. ನಮ್ಮ ಉಷೆ ಮತ್ತು ಆ ಇಯೊಸ್ ಒಂದೇ ಮೂಲಪದದ ಮಕ್ಕಳು. ಕನ್ನಡದಲ್ಲಿ ಈ ಬಣ್ಣಕ್ಕೆ ಹೆಸರಿಡುವ ಕೆಲಸ ನನಗೆ ಬಂದಿದ್ದರೆ ನಾನು ಜಾಸ್ತಿ ಯೋಚಿಸುತ್ತಿರಲಿಲ್ಲ.

ಜರ್ಮನಿಯ ರೇಗೆನ್ಸ್‌ಬುರ್ಗ್ ವಿಶ್ವವಿದ್ಯಾಲಯದಲ್ಲಿ ಬುರ್ಕ್‌ಹಾರ್ಡ್ ಕ್ಯೋನಿಗ್ ಅವರ ಗುಂಪಿನಲ್ಲಿ ಪಿಎಚ್‌ಡಿ ಮಾಡುತ್ತಿದ್ದ ದುರ್ಗಾಪ್ರಸಾದ್ ಹರಿ, 2012ರಲ್ಲಿ ತಮ್ಮ ಸಂಗಡಿಗರೊಂದಿಗೆ ಅಮೆರಿಕನ್ ಕೆಮಿಕಲ್ ಸೊಸೈಟಿಯ ಪತ್ರಿಕೆಯಲ್ಲಿ ಒಂದು ಲೇಖನ ಪ್ರಕಟಿಸಿದರು. ಚಿಟಿಕೆ ಇಯೋಸಿನ್, ಹಸಿರು ಎಲ್‌ಇಡಿ, ಕೋಣೆಯ ಉಷ್ಣತೆ. ಇಷ್ಟರಲ್ಲಿ ಎರಡು ಇಂಗಾಲದ ಉಂಗುರಗಳನ್ನು ಬೆಸೆಯಬಹುದು, ಲೋಹ ಬೇಡ. (ಹಸಿರು ಯಾಕೆಂದರೆ ಇಯೋಸಿನ್ ಹಸಿರನ್ನು ನುಂಗಿ ಕೆಂಪನ್ನು ಬಿಡುತ್ತದೆ. ಅದಕ್ಕೇ ಅದು ನಮಗೆ ಕೆಂಪು.) ಇಯೋಸಿನ್‌ನ ಉಪಯೋಗಗಳ ಬಗ್ಗೆ ಅವರು ಮತ್ತು ಕ್ಯೋನಿಗ್ 2014ರಲ್ಲಿ ಬರೆದ ಸಮೀಕ್ಷೆಯೂ ಈ ಕ್ಷೇತ್ರದಲ್ಲಿ ಎಲ್ಲರೂ ತೆರೆದು ನೋಡುವ ಲೇಖನ. ಹರಿ ಈಗ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸ್ವಂತ ಗುಂಪು ನಡೆಸುತ್ತಿದ್ದಾರೆ.

ಉಲ್ಲೇಖದ ಲೆಕ್ಕದಲ್ಲಿ ಈ ಕೆಲಸ ಭಾರಿ ಗೆಲುವು. ಆದರೆ ಅದರ ಪರಿಣಾಮ ಯಾವುದು ಎಂದು ನನ್ನನ್ನು ಕೇಳಿದರೆ ನಾನು ಬೇರೆ ಕಡೆ ಕೈ ತೋರಿಸುತ್ತೇನೆ. ರುಥೇನಿಯಂ ಕೊಳ್ಳಲಾಗದ ಪ್ರಯೋಗಾಲಯಕ್ಕೂ ಬಾಗಿಲು ತೆರೆಯಿತು. ಇಯೋಸಿನ್ ಅಗ್ಗ, ಜೀವಶಾಸ್ತ್ರ ವಿಭಾಗವಿರುವ ಯಾವ ಕಾಲೇಜಿನ ಕಪಾಟಿನಲ್ಲೂ ಅದರದ್ದೊಂದು ಬಾಟಲಿ ಇರುತ್ತದೆ. ಎಲ್‌ಇಡಿ ಪಟ್ಟಿ ದೀಪಾವಳಿಗೆ ಬಾಲ್ಕನಿಗೆ ಸುತ್ತುವಂಥದ್ದು. ಯಾರು ಆಟಕ್ಕೆ ಇಳಿಯಬಹುದು ಎಂಬುದು ಬದಲಾಯಿತು. ಹಾಗೆ ಇಳಿದವರಲ್ಲಿ ಎಷ್ಟೋ ಜನ ದೊಡ್ಡ ಪತ್ರಿಕೆಯಲ್ಲಿ ಏನನ್ನೂ ಪ್ರಕಟಿಸುವುದಿಲ್ಲ, ಹಾಗಾಗಿ ಯಾರನ್ನೂ ಉಲ್ಲೇಖಿಸುವುದೂ ಇಲ್ಲ. ಎಣಿಕೆಗೆ ಅವರು ಕಾಣುವುದಿಲ್ಲ. ಇನ್ನೊಂದು ಬಗೆಯ ಪರಿಣಾಮವೂ ಇದೆ. 2014ರಲ್ಲಿ ಬೈಲ್‌ಸ್ಟೈನ್ ಪತ್ರಿಕೆಯಲ್ಲಿ ಬೇರೊಂದು ಜರ್ಮನ್ ಗುಂಪು ಇಯೋಸಿನ್ ಕ್ರಿಯೆಗಳು ನಿಜಕ್ಕೂ ಹೇಗೆ ನಡೆಯುತ್ತವೆ ಎಂದು ಕೆದಕಿ, ದ್ರಾವಣದ ಆಮ್ಲೀಯತೆ ಹೆಚ್ಚು ಕಡಿಮೆಯಾದರೆ ಇಯೋಸಿನ್ ರೂಪ ಬದಲಿಸಿ ಕೈಕೊಡುತ್ತದೆ ಎಂದು ತೋರಿಸಿತು. ತಮ್ಮ ಕೆಲಸವನ್ನು ಬೇರೆಯವರು ಇಷ್ಟು ಗಂಭೀರವಾಗಿ ಕೆದಕುವುದು ಒಳ್ಳೆಯ ಸಂಶೋಧಕರಿಗೆ ಸಿಗುವ ಗೌರವ. ಎಣಿಕೆಯಲ್ಲಿ ಅದೂ 'ಒಂದು ಉಲ್ಲೇಖ', ಓದದೆ ನಕಲು ಮಾಡಿ ಹಾಕಿದ ಉಲ್ಲೇಖವೂ 'ಒಂದು'.

ಇನ್ನು ಮನೆಯ ಹತ್ತಿರದ ಉದಾಹರಣೆ. ತಾರ್ನಾಕದಿಂದ ಹಬ್ಸಿಗುಡದ ಕಡೆ ಮೆಟ್ರೋದಲ್ಲಿ ಹೋದರೆ ಕೆಳಗೆ ಮರಗಳ ನಡುವೆ ಐಐಸಿಟಿ ಕ್ಯಾಂಪಸ್ ಕಾಣುತ್ತದೆ. ನಿಜಾಮರ ಸರ್ಕಾರ 1944ರಲ್ಲಿ ಶುರು ಮಾಡಿದ ಪ್ರಯೋಗಾಲಯವದು. ನಮ್ಮ ಬೀದರ್, ಕಲಬುರಗಿ, ರಾಯಚೂರು ಇನ್ನೂ ಹೈದರಾಬಾದ್ ಸಂಸ್ಥಾನದಲ್ಲಿದ್ದ ಕಾಲ. 1956ರಲ್ಲಿ ಅದು ರೀಜನಲ್ ರಿಸರ್ಚ್ ಲ್ಯಾಬೊರೇಟರಿ ಆಯಿತು, 1989ರಲ್ಲಿ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಕೆಮಿಕಲ್ ಟೆಕ್ನಾಲಜಿ.

ಆ 1989ರಲ್ಲೇ ಅಲ್ಲಿಂದ ಗಣೇಶ್ ಪಾಂಡೆ, ಜಿ. ಕುಮಾರಸ್ವಾಮಿ, ಯು. ಟಿ. ಭಲೇರಾವ್ ಎಂಬ ಮೂವರು 'ಟೆಟ್ರಾಹೆಡ್ರನ್ ಲೆಟರ್ಸ್' ಪತ್ರಿಕೆಯಲ್ಲಿ ಒಂದು ಚಿಕ್ಕ ಲೇಖನ ಪ್ರಕಟಿಸಿದರು. ಬೆಳಕಿನ ನೆರವಿನಿಂದ ಅಮೀನು ಎಂಬ ಸಾರಜನಕದ ಅಣುವಿನಿಂದ ಒಂದು ಎಲೆಕ್ಟ್ರಾನ್ ಎತ್ತಿ, ಅದರ ಪಕ್ಕದ ಇಂಗಾಲವನ್ನು ಚುರುಕುಗೊಳಿಸಿ, ಐದು ಮತ್ತು ಆರು ಮೂಲೆಯ ಉಂಗುರಗಳನ್ನು ಕಟ್ಟುವ ದಾರಿ. ಪೈರೊಲಿಡಿನ್, ಪಿಪೆರಿಡಿನ್ ಎಂಬ ಆ ಉಂಗುರಗಳು ಅಸಂಖ್ಯ ಔಷಧಗಳ ಬೆನ್ನೆಲುಬು. ಬೆಳಕಿನ ದಲ್ಲಾಳಿಯಾಗಿ ಲೋಹವಿಲ್ಲದ ಸಾವಯವ ಅಣುವನ್ನೇ ಬಳಸುವುದು ಪಾಂಡೆಯವರ ಪಟ್ಟು. ಮುಂದೆ ಅವರು ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯಕ್ಕೆ ಹೋದರು. 1994ರಲ್ಲಿ ಸೌಮೆನ್ ಹಾಜ್ರಾ ಜೊತೆ ಜರ್ಮನಿಯ 'ಅಂಗೆವಾಂಟೆ' ಪತ್ರಿಕೆಯಲ್ಲಿ ಕಾಣುವ ಬೆಳಕನ್ನೇ ಹಿಡಿದು ಎಲೆಕ್ಟ್ರಾನ್ ದಾಟಿಸುವ ವ್ಯವಸ್ಥೆಯೊಂದನ್ನು ಪ್ರಕಟಿಸಿದರು. ಅದರಲ್ಲಿ ಕಡೆಯದಾಗಿ ಎಲೆಕ್ಟ್ರಾನ್ ಒದಗಿಸುತ್ತಿದ್ದದ್ದು ಆಸ್ಕಾರ್ಬಿಕ್ ಆಮ್ಲ, ಅಂದರೆ ನೆಲ್ಲಿಕಾಯಿಯ ವಿಟಮಿನ್ ಸಿ. 1999ರಲ್ಲಿ ಅವರಿಗೆ ಭಟ್ನಾಗರ್ ಪ್ರಶಸ್ತಿ ಬಂತು.

ಹಾಗಾಗಿ 'ನಮ್ಮವರನ್ನು ಜಗತ್ತು ಮರೆಯಿತು' ಎಂಬ ಅಳು ಇಲ್ಲಿ ಸಲ್ಲದು. ಗಂಭೀರ ಸಮೀಕ್ಷೆಗಳು 2008ಕ್ಕೂ ಹಿಂದಿನ ಕೆಲಸಗಳನ್ನು ನೆನೆಯುತ್ತವೆ. 1978ರಲ್ಲಿ ನೆದರ್‌ಲ್ಯಾಂಡ್ಸಿನ ಕೆಲ್ಲಾಗ್, 1984ರಲ್ಲಿ ಫ್ರಾನ್ಸಿನ ಡೆರೊಂಜಿಯೆ, ಹೀಗೆ. ನಾನು ಹೇಳುತ್ತಿರುವುದು ಇಷ್ಟೇ: ಅಮೀನಿನ ಪಕ್ಕದ ಇಂಗಾಲವನ್ನು ಬೆಳಕಿನಿಂದ ಎಬ್ಬಿಸುವುದು ಇವತ್ತು ಈ ಕ್ಷೇತ್ರದ ಅತಿ ದಟ್ಟ ರಸ್ತೆಗಳಲ್ಲಿ ಒಂದು, ಮತ್ತು ಅದರ ಆರಂಭದ ಮೈಲಿಗಲ್ಲುಗಳಲ್ಲಿ ಒಂದು ತಾರ್ನಾಕದಲ್ಲಿದೆ. 1989ರ ಕೆಲಸವನ್ನು 1994ರಲ್ಲಿ ಎಣಿಸಿದ್ದರೆ ಸಿಗುತ್ತಿದ್ದದ್ದು ಸಣ್ಣ ಸಂಖ್ಯೆ, ಯಾಕೆಂದರೆ ಆಗ ಆ ರಸ್ತೆಯಲ್ಲಿ ಓಡಾಡುವವರೇ ಕಡಿಮೆ. ಅಗ್ಗದ ದೀಪವೂ ಇರಲಿಲ್ಲ. ಪ್ರಖರವಾದ ನೀಲಿ ಎಲ್‌ಇಡಿ 1990ರ ದಶಕದಲ್ಲಿ ಬಂದದ್ದು. ಅದನ್ನು ಸಾಧ್ಯವಾಗಿಸಿದ ಅಕಸಾಕಿ, ಅಮನೊ, ನಕಮುರಾ ಅವರಿಗೆ 2014ರ ಭೌತವಿಜ್ಞಾನದ ನೊಬೆಲ್ ಬಂತು. ಬೆಳಕಿನ ರಸಾಯನಶಾಸ್ತ್ರ 2008ರ ನಂತರ ಹುಲುಸಾಗಿ ಬೆಳೆದದ್ದಕ್ಕೆ ಅಂಗಡಿಯಲ್ಲಿ ಸಿಗುವ ದೀಪವೂ ಒಂದು ಕಾರಣ ಎಂಬುದನ್ನು ಯಾವ ಎಚ್-ಇಂಡೆಕ್ಸೂ ಹೇಳುವುದಿಲ್ಲ. ಉಲ್ಲೇಖದ ಸಂಖ್ಯೆ ಹೆಚ್ಚಾಗಿ ಅಳೆಯುವುದು ನೀವು ಜಾತ್ರೆಯ ಯಾವ ದಿನ ಬಂದಿರಿ ಎಂಬುದನ್ನು.

ಅದೇ ಕ್ಯಾಂಪಸ್ಸಿನ ಇನ್ನೊಂದು ಕತೆಯನ್ನೂ ಪಕ್ಕದಲ್ಲಿಡುತ್ತೇನೆ. 1990ರ ದಶಕದ ಆರಂಭದಲ್ಲಿ, ಎ. ವಿ. ರಾಮರಾವ್ ನಿರ್ದೇಶಕರಾಗಿದ್ದಾಗ, ಏಡ್ಸ್‌ಗೆ ಆಗ ಇದ್ದ ಔಷಧ ಎಝಡ್‌ಟಿಯನ್ನು ಅಗ್ಗವಾಗಿ ತಯಾರಿಸುವ ವಿಧಾನವನ್ನು ಐಐಸಿಟಿ ರೂಪಿಸಿತು. ಸಿಪ್ಲಾ ಕಂಪನಿ ಅದನ್ನು ಮಾರುಕಟ್ಟೆಗೆ ತಂದಿತು. ಅದು ಬೆಳಕಿನ ರಸಾಯನಶಾಸ್ತ್ರವಲ್ಲ, ಹೊಸ ಸಿದ್ಧಾಂತವೂ ಅಲ್ಲ. ಅದರ ಉಲ್ಲೇಖ ಎಷ್ಟು ಎಂದು ಕೇಳಲು ನನಗೆ ನಾಚಿಕೆಯಾಗುತ್ತದೆ.

ಇಷ್ಟು ಬರೆದ ಮೇಲೆ ಎದುರು ವಾದವನ್ನೂ ಹೇಳದಿದ್ದರೆ ಮೋಸವಾಗುತ್ತದೆ, ಯಾಕೆಂದರೆ ಅದು ಬಲವಾದದ್ದು. ನನ್ನ ಪರಿಚಯದ ಒಬ್ಬರು, ರಾಯಚೂರು ಕಡೆಯ ಹಳ್ಳಿಯಿಂದ ಬಂದು ರಸಾಯನಶಾಸ್ತ್ರದಲ್ಲಿ ಪಿಎಚ್‌ಡಿ ಮುಗಿಸಿದವರು, ಈ ಲೇಖನದ ಕರಡು ಓದಿ ಸಿಟ್ಟಾದರು. 'ಅಕ್ಕಾ, ನಿಮಗೇನ್ರಿ, ಬರದು ಬಿಡ್ತೀರಿ. ನಂಬರ್ ತಗದ್ರಂದ್ರ ಆಮ್ಯಾಲ ಉಳಿಯೂದು ವಶೀಲಿ ಒಂದ ನೋಡ್ರಿ' ಎಂದರು. ವಶೀಲಿ! ಉರ್ದುವಿನ ವಸೀಲಾ ಕನ್ನಡಕ್ಕೆ ಬಂದು ಪಡೆದ ರೂಪ. ಸಂದರ್ಶನದ ಕೋಣೆಯಲ್ಲಿ ಗುರುವಿನ ಹೆಸರು, ಊರಿನ ಹೆಸರು, ಜಾತಿಯ ವಾಸನೆ ಇವೆಲ್ಲ ಕೆಲಸ ಮಾಡುವಾಗ, ಕಾಗದದ ಮೇಲಿನ ಒಂದು ಸಂಖ್ಯೆ ಯಾರ ಮುಲಾಜೂ ಇಲ್ಲದವರಿಗೆ ಇರುವ ಒಂದೇ ಗುರಾಣಿ. ಅವರು ಹೇಳಿದ್ದು ನಿಜ. ಇಂಪ್ಯಾಕ್ಟಿಗೆ ಪ್ರಭಾವ ಎಂದು ಬರೆಯಲು ನನಗೆ ಹಿಂಜರಿಕೆ ಆದದ್ದೂ ಆ ಪದಕ್ಕೆ ವಶೀಲಿಯ ವಾಸನೆ ಅಂಟಿದೆ ಎಂಬ ಕಾರಣಕ್ಕೇ.

ಆದರೆ ಗುರಾಣಿ ಈಗ ಯಾರ ಕೈಯಲ್ಲಿದೆ ನೋಡಿ. ಸಂಖ್ಯೆಗೆ ಬೆಲೆ ಬಂದ ಮೇಲೆ ಸಂಖ್ಯೆಗೂ ವಶೀಲಿ ಹುಟ್ಟಿತು. ನಿನ್ನ ಲೇಖನವನ್ನು ನಾನು ಉಲ್ಲೇಖಿಸುತ್ತೇನೆ, ನನ್ನದನ್ನು ನೀನು. ದೊಡ್ಡ ಗುಂಪಿನ ಯಜಮಾನರ ಹೆಸರು ಪ್ರತಿ ಲೇಖನದಲ್ಲೂ. ಹಳ್ಳಿಯಿಂದ ಬಂದು ಒಂಟಿಯಾಗಿ ಕೆಲಸ ಮಾಡುವವರಿಗೆ ಈ ಲೆಕ್ಕವೂ ಅನುಕೂಲವಲ್ಲ. ಸಂಖ್ಯೆಯನ್ನು ತೆಗೆಯಿರಿ ಎಂದು ನಾನು ಹೇಳುತ್ತಿಲ್ಲ. ಅದರ ಪಕ್ಕದಲ್ಲಿ ನಾಲ್ಕು ವಾಕ್ಯ ಇರಲಿ, ಏನು ಬದಲಾಯಿತು, ಯಾರಿಗೆ ಎಂದು. ಆ ವಾಕ್ಯಗಳನ್ನು ಪರೀಕ್ಷಿಸಬಹುದು, ಸುಳ್ಳಾದರೆ ಹಿಡಿಯಬಹುದು. ನೇಮಕಾತಿಯಲ್ಲಿ ಪತ್ರಿಕೆಯ ಇಂಪ್ಯಾಕ್ಟ್ ಫ್ಯಾಕ್ಟರ್ ನೋಡದೆ ಕೆಲಸವನ್ನೇ ನೋಡಿ ಎಂದು 2012ರ ಸ್ಯಾನ್ ಫ್ರಾನ್ಸಿಸ್ಕೊ ಘೋಷಣೆಯೂ ಕೇಳಿತ್ತು.

ನಾಲ್ಕು ವಾಕ್ಯಗಳನ್ನು ಬರೆಯಲು ಕೂತರೆ ಅಹಂಕಾರ ಇಳಿಯುತ್ತದೆ ಎಂಬುದೂ ನಿಜ. ಬೆಳಕಿನ ರಸಾಯನಶಾಸ್ತ್ರದ ಲೇಖನಗಳು ಹೆಚ್ಚಾಗಿ 'ಹಸಿರು', 'ಸುಸ್ಥಿರ' ಎಂಬ ಪದಗಳಿಂದ ಶುರುವಾಗುತ್ತವೆ. ಹೈದರಾಬಾದಿನ ಪಶ್ಚಿಮಕ್ಕೆ ಪಟಾನ್‌ಚೆರು ಇದೆ. ಅಲ್ಲಿನ ಔಷಧ ಕಾರ್ಖಾನೆಗಳ ತ್ಯಾಜ್ಯವನ್ನು ಶುದ್ಧೀಕರಿಸುವ ಘಟಕದಿಂದ ಹೊರಬರುವ ನೀರಿನಲ್ಲಿ ಸಿಪ್ರೊಫ್ಲಾಕ್ಸಾಸಿನ್ ಎಂಬ ಆ್ಯಂಟಿಬಯೋಟಿಕ್ ಲೀಟರಿಗೆ 31 ಮಿಲಿಗ್ರಾಂವರೆಗೆ ಇದೆ ಎಂದು ಸ್ವೀಡನ್ನಿನ ಜೊವಾಕಿಮ್ ಲಾರ್ಸನ್ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದರು. ಇಂಥ ಊರಿನಲ್ಲಿ ಕೂತು 'ಹಸಿರು' ಎಂದು ಬರೆಯುವಾಗ ಕೈ ಸ್ವಲ್ಪ ತಡವರಿಸಬೇಕು. ಬೆಳಕಿನ ಕ್ರಿಯೆಗಳು ಪ್ರಯೋಗಾಲಯದಿಂದ ಆ ಕಾರ್ಖಾನೆಗಳಿಗೆ ಇನ್ನೂ ದೊಡ್ಡ ಪ್ರಮಾಣದಲ್ಲಿ ಹೋಗದಿರುವುದಕ್ಕೆ ಸರಳ ಕಾರಣವಿದೆ. ಬಣ್ಣದ ದ್ರಾವಣದಲ್ಲಿ ಬೆಳಕು ಗೋಡೆಯ ಹತ್ತಿರದ ತೆಳು ಪದರದಲ್ಲೇ ಮುಗಿದುಹೋಗುತ್ತದೆ. ಸಣ್ಣ ಸೀಸೆಯಲ್ಲಿ ನಡೆದದ್ದು ಸಾವಿರಾರು ಲೀಟರಿನ ಉಕ್ಕಿನ ಹಂಡೆಯಲ್ಲಿ ನಡೆಯುವುದಿಲ್ಲ, ಒಳಗೆ ಕತ್ತಲು. ತೆಳು ಕೊಳವೆಗಳಲ್ಲಿ ದ್ರಾವಣವನ್ನು ಹರಿಸುತ್ತ ಬೆಳಕು ಹಾಯಿಸುವ ಉಪಾಯವಿದೆ, ಅದಕ್ಕೆ ಕಾರ್ಖಾನೆಯನ್ನೇ ಬೇರೆ ರೀತಿ ಕಟ್ಟಬೇಕು. ಆ ಕೆಲಸಕ್ಕೆ ರಸಾಯನಶಾಸ್ತ್ರಜ್ಞರಷ್ಟೇ ಪ್ಲಂಬರ್‌ಗಳೂ ಬೇಕು. ಪ್ಲಂಬರ್‌ಗಳಿಗೆ ಎಚ್-ಇಂಡೆಕ್ಸ್ ಇರುವುದಿಲ್ಲ.

ನನ್ನ ಅನುವಾದಕ್ಕೆ ವಾಪಸ್ ಬರುತ್ತೇನೆ. ಎರಡನೇ ದಿನ ಕಾಲೇಜಿನವರಿಂದ ನಂಬರ್ ಪಡೆದು ಆ ಸಂಶೋಧಕರಿಗೇ ಫೋನ್ ಮಾಡಿದೆ. 'ಸರ್, ನಿಮ್ಮ ಕೆಲಸದಿಂದ ಏನು ಬದಲಾಯಿತು ಅಂತ ಒಂದೆರಡು ಮಾತು ಹೇಳ್ತೀರಾ? ಇಂಪ್ಯಾಕ್ಟ್‌ಗೆ ಕನ್ನಡದಲ್ಲಿ ಬರೆಯೋಕೆ ಬೇಕಿತ್ತು' ಎಂದೆ. ಸ್ವಲ್ಪ ಹೊತ್ತು ಮಾತಿಲ್ಲ. ನಂತರ, 'ಇದು ಯಾರೂ ಕೇಳಿಲ್ರಿ ಈತನಕ' ಎಂದು ನಕ್ಕರು.

ಆಮೇಲೆ ನಲವತ್ತು ನಿಮಿಷ ಮಾತಾಡಿದರು. ಅನುದಾನ ಬರುವ ಮುಂಚೆ ಬೀಕರಿನ ಸುತ್ತ ಎಲ್‌ಇಡಿ ಪಟ್ಟಿ ಸುತ್ತಿ, ಹೊರಗೆ ಅಡುಗೆಮನೆಯ ಅಲ್ಯುಮಿನಿಯಂ ಫಾಯಿಲ್ ಹೊದಿಸಿ, ಟೇಬಲ್ ಫ್ಯಾನ್ ಹಚ್ಚಿ ಕೆಲಸ ಶುರು ಮಾಡಿದ್ದು. ತಾವು ಒಳ್ಳೆಯದೆಂದು ನಂಬಿದ್ದ ಒಂದು ಕ್ರಿಯೆಯನ್ನು ಒಂದು ಕಂಪನಿಯವರು 20 ಲೀಟರಿಗೆ ಏರಿಸಿ ನೋಡಿದಾಗ ಬೆಳಕಿಗೆ ಬಣ್ಣವೇ ಕೆಟ್ಟು ಬಿಳಿಚಿಕೊಂಡಿದ್ದು. 'ಅಂವ ನನಗ ಬೈಲಿಲ್ರಿ, ನನಗ ನಾನ ಬೈಕೊಂಡೆ.' ಆ ಸೋಲಿನಿಂದ ಬಣ್ಣ ಯಾಕೆ ಕೆಡುತ್ತದೆ ಎಂಬುದರ ಹಿಂದೆ ಬಿದ್ದು ಮೂರು ವರ್ಷ ಕಳೆದದ್ದು. ಅವರ ಹತ್ತಿರ ಮೊದಲು ಪಿಎಚ್‌ಡಿ ಮಾಡಿದ ವಿದ್ಯಾರ್ಥಿನಿ ಈಗ ಒಂದು ಡಿಗ್ರಿ ಕಾಲೇಜಿನಲ್ಲಿ ಪಾಠ ಮಾಡುತ್ತಾರೆ; ಝೂಆಲಜಿ ವಿಭಾಗದಿಂದ ಇಯೋಸಿನ್ ಕಡ ತಂದು ಬಿ.ಎಸ್ಸಿ. ಮಕ್ಕಳಿಗೆ ಕಿಟಕಿಯ ಬಿಸಿಲಿನಲ್ಲಿ ಪ್ರಯೋಗ ತೋರಿಸುತ್ತಾರೆ.

ಇದನ್ನೆಲ್ಲ ಅರ್ಧ ಪುಟದಲ್ಲಿ ಬರೆದು, 'ಪರಿಣಾಮ' ಎಂದು ಉಪಶೀರ್ಷಿಕೆ ಕೊಟ್ಟು, ಹನ್ನೊಂದು ಇಂಪ್ಯಾಕ್ಟುಗಳಲ್ಲಿ ಒಂಬತ್ತನ್ನು ತೆಗೆದು ಕಳಿಸಿದೆ. ಪುಸ್ತಿಕೆಯ ಸಂಪಾದಕರು ಫೋನ್ ಮಾಡಿದರು. 'ಮೇಡಂ, ಛಲೋ ಆಗೇದ, ಆದ್ರ ಆ 20 ಲೀಟರಿಂದು ಬ್ಯಾಡ್ರಿ, ಸನ್ಮಾನದ ಟೈಮಿಗೆ ಚಂದ ಕಾಣಂಗಿಲ್ಲ. ಮತ್ತ ಶೇಕಡಾ ಎರಡು ಅನ್ನೂದು ಮುಖಪುಟಕ್ಕ ಬೇಕೇ ಬೇಕು, ಮ್ಯಾನೇಜ್‌ಮೆಂಟಿನವ್ರು ಹೇಳ್ಯಾರ' ಎಂದರು. ಒಪ್ಪಿದೆ. ನನ್ನ ಪುಸ್ತಕವಲ್ಲ ಅದು.

ಅಚ್ಚಾದ ಪ್ರತಿ ಕೊರಿಯರಿನಲ್ಲಿ ಬಂತು. ಮುಖಪುಟದಲ್ಲಿ ಶೇ. 2, ಚಿನ್ನದ ಬಣ್ಣದ ಅಕ್ಷರದಲ್ಲಿ. ಒಳಗೆ ಏಳನೇ ಪುಟದಲ್ಲಿ ಕಿಟಕಿಯ ಬಿಸಿಲು ಉಳಿದಿತ್ತು, ಝೂಆಲಜಿ ವಿಭಾಗದ ಇಯೋಸಿನ್ ಕೂಡ. ಇಯೋಸಿನ್ ಎಂಬುದು 'ಅಯೋಡಿನ್' ಎಂದು ಅಚ್ಚಾಗಿತ್ತು.